ತೂಕದ ಹೊತ್ತಿನ ದನಿ

ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಬಗ್ಗೆ ಸಣ್ಣದೊಂದು ವಸ್ತುಪ್ರದರ್ಶನ ಮಾಡಿದ್ದೆವು. ಸದ್ದಿನ ಕೆಲಸ ನನ್ನದು. ದುಡ್ಡು ಹಾಕಿದವರು ಕೇಳಿದ್ದು ಹಕ್ಕಿ, ಮಳೆ, ಜೀರುಂಡೆ. ಅಷ್ಟೇ.

ಡಿಸೆಂಬರಿನಲ್ಲಿ, ಅರೇಬಿಕಾ ಕುಯ್ಲಿನ ಹೊತ್ತಿಗೆ, ರೆಕಾರ್ಡರ್ ಹಿಡಿದು ಮೂಡಿಗೆರೆ ಕಡೆಯ ತೋಟಕ್ಕೆ ಹೋದೆ. ಹಕ್ಕಿಗಳೂ ಸಿಕ್ಕವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಜೆಯ ತೂಕ. ಹೆಂಗಸರು ಹಣ್ಣಿನ ಚೀಲ ತಂದು ಸಾಲಾಗಿ ಇಡುತ್ತಾರೆ. ತೋಟದ ಲೆಕ್ಕ ಬರೆಯುವ ರೈಟರ್ ಕಿಲೋ ಕೂಗುತ್ತಾರೆ. "ಸರಿಯಾಗಿ ನೋಡಿ ರೈಟ್ರೇ, ಮುಳ್ಳು ಇನ್ನೂ ಆಡ್ತಾ ಇದೆ" ಅಂತ ಒಬ್ಬರು. ಇನ್ನೊಬ್ಬರು ತಮಿಳಿನಲ್ಲಿ ಜೊತೆಯವಳನ್ನು ಕರೆಯುತ್ತಾರೆ. ಹಿಂದೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು. ಆ ಮುಳ್ಳು ಎಲ್ಲಿ ನಿಲ್ಲುತ್ತದೋ ಅದರ ಮೇಲೆ ಅವತ್ತಿನ ಕೂಲಿ.

"ಇದು ಬರೀ ಗಲಾಟೆ ಅಲ್ವಾ? ತೆಗೆದುಬಿಡಿ" ಎಂದರು ದುಡ್ಡು ಹಾಕಿದವರು. ನಾನು ಒಪ್ಪಲಿಲ್ಲ. ಗೋಡೆ ತುಂಬಾ ಬಂಗಲೆಯ ಫೋಟೋಗಳಿದ್ದವು. ಕುಯ್ಲಿನವರು ಇದ್ದದ್ದು ಎರಡೇ ಫೋಟೋದಲ್ಲಿ, ಅದೂ ಬೆನ್ನು ಮಾತ್ರ. ದನಿಯನ್ನೂ ತೆಗೆದರೆ ಅವರು ಅಲ್ಲಿ ಉಳಿಯುವುದೇ ಇಲ್ಲ. ಯಾರ ಮಾತು ಗಲಾಟೆ, ಯಾರದ್ದು ಇತಿಹಾಸ ಅಂತ ಇಂಥ ಕಡೆಯೇ ತೀರ್ಮಾನವಾಗಿಬಿಡುತ್ತದೆ.

ದುಡ್ಡು ಹಾಕಿದವರ ದೂರಿನಲ್ಲೂ ಒಂದು ನಿಜವಿತ್ತು. ಪ್ರದರ್ಶನದ ಹಾಲ್‌ನಲ್ಲಿ ಯಾವ ಮಾತೂ ಬಿಡಿಸಿ ಕೇಳುತ್ತಿರಲಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಇಲ್ಲಿ ಕೆಂಪು ಗಾರೆ ನೆಲ, ಬೋಳು ಗೋಡೆ, ಸದ್ದು ಸುತ್ತಿ ಸುತ್ತಿ ಬರುತ್ತಿತ್ತು. ಗೋಡೆಯಿಂದ ಒಂದು ಗೇಣು ಬಿಟ್ಟು ಗೋಣಿಚೀಲಗಳನ್ನು ಎರಡು ಪದರ ಇಳಿಬಿಟ್ಟೆವು. ದೊಡ್ಡ ಸ್ಪೀಕರ್ ತೆಗೆದು, ಪ್ರದರ್ಶನಕ್ಕಿಟ್ಟ ತಕ್ಕಡಿ ಪಕ್ಕದಲ್ಲೇ ಕಿವಿಯ ಎತ್ತರಕ್ಕೆ ಚಿಕ್ಕದೊಂದು ಇಟ್ಟೆ. ಹತ್ತಿರವಿದ್ದರೆ ಸದ್ದು ಕಡಿಮೆ ಇಟ್ಟರೂ ಸಾಕು. ಗುಂಡಿ ಒತ್ತಿದರೆ 90 ಸೆಕೆಂಡ್, ಆಮೇಲೆ ನಿಲ್ಲುತ್ತದೆ. ಸುಮ್ನೆ ಓಡುತ್ತಲೇ ಇದ್ದರೆ ದಿನವಿಡೀ ಅಲ್ಲೇ ಕೂರುವ ಕಾವಲಿನಮ್ಮನ ಗತಿ ಏನು?

ಪ್ರದರ್ಶನ ತೆರೆಯುವ ಮೊದಲು ಆ ರೆಕಾರ್ಡಿಂಗನ್ನು ತೋಟದ ಕೆಲಸದವರ ಲೈನ್ ಮನೆಗೆ ಒಯ್ದು ಹೆಂಗಸರಿಗೆ ಕೇಳಿಸಿದೆ. ರೆಕಾರ್ಡ್ ಮಾಡುವಾಗ ಅವರ ಒಪ್ಪಿಗೆ ಕೇಳಿಯೇ ಮಾಡಿದ್ದೆ. ಆದರೂ ಕತ್ತರಿಸಿ ಜೋಡಿಸಿದ ಮೇಲೆ ಇನ್ನೊಮ್ಮೆ ಕೇಳಬೇಕು. ಒಬ್ಬರು ತಮ್ಮ ಹೆಸರು ಬರುವ ಜಾಗ ತೆಗೆಯಲು ಹೇಳಿದರು, ತೆಗೆದೆ. ವಯಸ್ಸಾದ ಅಮ್ಮ ಒಬ್ಬರು ಮೂರು ಸಲ ಹಾಕಿಸಿ ಕೇಳಿದರು.

"ಎಲ್ಲಾ ಸರಿ ಕಣಪ್ಪಾ. ಎಷ್ಟು ಕಿಲೋ ಅಂದ್ರು ಅನ್ನೋದೇ ಕೇಳ್ತಿಲ್ವಲ್ಲ."

ಹೌದು. ಹೆಂಗಸರ ಮಾತು ಮೇಲೆ ಬರಲಿ ಅಂತ ರೈಟರ್ ದನಿಯನ್ನು ನಾನೇ ತಗ್ಗಿಸಿದ್ದೆ. ಆ ರಾತ್ರಿಯೇ ಸರಿಮಾಡಿದೆ. ಈಗ ಗುಂಡಿ ಒತ್ತಿದರೆ ಮೊದಲು ಕೇಳುವುದು ಅದೇ: "42 ಕಿಲೋ."