ಹಂದಿಯ ಸ್ನಾಯುವಿಗೆ ಜಿಎಪಿಡಿಎಚ್ ಅಳತೆಗೋಲಾಗದು

ಉತ್ತರ ಬಂಗಾಳದ ಕಪ್ಪು ಹಂದಿ ಘುಂಗ್ರೂ, ಹೆಗಲ ಮೇಲೆ ಬಿಳಿ ಪಟ್ಟಿಯಿರುವ ವಿದೇಶಿ ತಳಿ ಹ್ಯಾಂಪ್‌ಶೈರ್. ಇವುಗಳ ಬೆನ್ನಿನ ಸ್ನಾಯುವಿನಲ್ಲಿ ಗ್ಲೈಕೋಜನ್ (ಸ್ನಾಯುವಿನಲ್ಲಿ ಶೇಖರವಾಗಿರುವ ಸಕ್ಕರೆ) ಬಳಸುವ ಕಿಣ್ವಗಳ ಜೀನ್ ಅಭಿವ್ಯಕ್ತಿಯನ್ನು, ಅಂದರೆ ಆ ಜೀನ್‌ಗಳು ಎಷ್ಟು ಸಕ್ರಿಯವಾಗಿವೆ ಎಂಬುದನ್ನು, ಹೋಲಿಸುವುದು ನನ್ನ ಕೆಲಸವಾಗಿತ್ತು. ಇಂಥ ಹೋಲಿಕೆಗೆ ಅಳತೆಗೋಲಾಗಿ ಸಾಮಾನ್ಯವಾಗಿ ಬಳಸುವ ಜಿಎಪಿಡಿಎಚ್ ಎಂಬ ಜೀನ್ ಇಲ್ಲಿ ಏಕೆ ಒಗ್ಗದು ಎಂಬುದೇ ಈ ಬರಹ. ಪ್ರಾಣಿ ಸತ್ತ ಮೇಲೂ ಸ್ನಾಯು ಗ್ಲೈಕೋಜನನ್ನು ಒಡೆಯುತ್ತಲೇ ಇರುತ್ತದೆ. ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು, 7ರ ಆಸುಪಾಸಿನಲ್ಲಿದ್ದ ಪಿಎಚ್ ಒಂದು ದಿನದಲ್ಲಿ ಸುಮಾರು 5.5ಕ್ಕೆ ಇಳಿಯುತ್ತದೆ. ಮೈ ಇನ್ನೂ ಬಿಸಿಯಾಗಿರುವಾಗಲೇ ಅದು ಕುಸಿದರೆ ಪ್ರೋಟೀನ್ ಕೆಟ್ಟು, ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ.

ಜೀನಿನ ಸಕ್ರಿಯತೆ ತಿಳಿಸುವ ಆರ್‌ಎನ್‌ಎ ತೆಗೆಯುವ ಮೊದಲು ಪ್ರತಿ ಹಂದಿಯ ಎರಡು ಜೀನ್‌ಗಳನ್ನು ಪರೀಕ್ಷಿಸಿದೆ. ಒಂದು ಆರ್‌ವೈಆರ್1. 1991ರಲ್ಲಿ ಅದರಲ್ಲಿ ಪತ್ತೆಯಾದ, ಡಿಎನ್‌ಎಯ ಒಂದೇ ಅಕ್ಷರದ ಬದಲಾವಣೆಯಿಂದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹತೋಟಿ ಮೀರಿ ಹರಿಯುತ್ತದೆ. ಪಿಸಿಆರ್ ಮಾಡಿ (ಆ ಡಿಎನ್‌ಎ ಭಾಗದ ಪ್ರತಿಗಳನ್ನು ಹೆಚ್ಚಿಸಿ) ಡಿಎನ್‌ಎ ಕತ್ತರಿಸುವ ಎಚ್‌ಎಚ್‌ಎ1 ಕಿಣ್ವ ಹಾಕಿದರೆ ಸಹಜ ರೂಪ ತುಂಡಾಗುತ್ತದೆ, ಬದಲಾದದ್ದು ಆಗುವುದಿಲ್ಲ. ಇನ್ನೊಂದು ಪಿಆರ್‌ಕೆಎಜಿ3. ಹ್ಯಾಂಪ್‌ಶೈರ್‌ಗಳಲ್ಲಿ ಕಂಡುಬರುವ ಇದರ ರೂಪಾಂತರವನ್ನು 2000ದಲ್ಲಿ ವರದಿ ಮಾಡಲಾಯಿತು. ಅದಿರುವ ಹಂದಿಯ ಸ್ನಾಯುವಿನಲ್ಲಿ ಗ್ಲೈಕೋಜನ್ ಶೇ. 70ರಷ್ಟು ಹೆಚ್ಚು. ಇವೆರಡನ್ನು ನೋಡದೆ ‘ತಳಿಯ ವ್ಯತ್ಯಾಸ’ ಎಂದು ಬರೆಯುವುದು ನನಗೆ ಒಪ್ಪಿಗೆಯಾಗದು. ಒಂದೇ ಜೀನಿನ ಪ್ರಭಾವಕ್ಕೆ ಇಡೀ ತಳಿಯ ಹೆಸರು ಕೊಟ್ಟಂತಾಗುತ್ತದೆ.

ಸಾಗಣೆ, ವಿಶ್ರಾಂತಿ, ನೀರು ಎಲ್ಲ ಹಂದಿಗಳಿಗೂ ಒಂದೇ ರೀತಿ ಇರುವಂತೆ ನೋಡಿಕೊಂಡೆ. ವಧೆಯಾದ ಕೂಡಲೇ ಕೊನೆಯ ಪಕ್ಕೆಲುಬಿನ ಬಳಿಯ ಸ್ನಾಯುವಿನ ಸಣ್ಣ ತುಂಡನ್ನು ದ್ರವ ಸಾರಜನಕಕ್ಕೆ ಹಾಕಿದೆ. ಅದೇ ದೇಹದ ಪಿಎಚ್ ಅನ್ನು 45 ನಿಮಿಷಕ್ಕೆ, ಮತ್ತೆ 24 ಗಂಟೆಗೆ ಅಳೆದೆ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಹೋಲಿಕೆಗೆ ಆಧಾರವಾಗುವ ಜೀನಿನ ಬಗ್ಗೆ. ಜೀನಿನ ಆರ್‌ಎನ್‌ಎ ಪ್ರಮಾಣ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಅನೇಕರು ಜಿಎಪಿಡಿಎಚ್ ಬಳಸುತ್ತಾರೆ, ಅದು ಎಲ್ಲ ಕೋಶಗಳಲ್ಲೂ ಸಮನಾಗಿರುತ್ತದೆ ಎಂಬ ನಂಬಿಕೆಯಿಂದ. ಆದರೆ ಜಿಎಪಿಡಿಎಚ್ ಸ್ವತಃ ಗ್ಲೂಕೋಸ್ ಒಡೆಯುವ ಸರಪಳಿಯ ಒಂದು ಕಿಣ್ವ. ಗ್ಲೂಕೋಸನ್ನು ಬೇಗ ಒಡೆಯುವ ಬಿಳಿ ತಂತುಗಳು ಹೆಚ್ಚಿರುವ ತಳಿಯಲ್ಲಿ, ಲ್ಯಾಕ್ಟಿಕ್ ಆಮ್ಲ ಮಾಡುವ ಕಿಣ್ವದ ಜೀನ್ ಎಲ್‌ಡಿಎಚ್‌ಎ ಏರಿದಾಗ ಜಿಎಪಿಡಿಎಚ್ ಕೂಡ ಏರಬಹುದು. ಆಗ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನಾವು ಹುಡುಕುತ್ತಿರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಓಡುವ ಬಸ್ಸಿನಲ್ಲಿ ಕುಳಿತು ಪಕ್ಕದಲ್ಲಿ ಸಾಗುವ ಬಸ್ಸಿನ ವೇಗ ಅಳೆದ ಹಾಗೆ. ಹಾಗಾಗಿ ಟಿಬಿಪಿ, ಎಚ್‌ಪಿಆರ್‌ಟಿ1, ವೈಡಬ್ಲ್ಯೂಎಚ್‌ಎಝಡ್ ಮುಂತಾದ ಬೇರೆ ಜೀನ್‌ಗಳನ್ನು ಎರಡೂ ತಳಿಗಳ ಮಾದರಿಗಳಲ್ಲಿ ಪರೀಕ್ಷಿಸಿ, ಸ್ಥಿರವಾಗಿ ಕಂಡವುಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡೆ. ಖರ್ಚು ಹೆಚ್ಚಾಗುತ್ತದೆ ನಿಜ, ಆದರೆ ಈ ಹಂತದಲ್ಲಿ ಉಳಿತಾಯ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಆರ್‌ಎನ್‌ಎ (ಕಿಣ್ವ ತಯಾರಿಸಲು ಜೀನಿನಿಂದಾಗುವ ನಕಲು) ಹೆಚ್ಚಿದ್ದ ಮಾತ್ರಕ್ಕೆ ಕಿಣ್ವವೂ ಅಷ್ಟೇ ಚುರುಕಾಗಿ ದುಡಿಯುತ್ತದೆ ಎಂದಲ್ಲ. ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್‌ಗೆ ಫಾಸ್ಫೇಟ್ ಸೇರಿದಾಗ ಅದು ಚುರುಕಾಗುತ್ತದೆ; ಹೆದರಿದ ಹಂದಿಯ ಅಡ್ರಿನಲಿನ್ ಆ ಕೆಲಸವನ್ನು ಕ್ಷಣಗಳಲ್ಲಿ ಮಾಡಿಸುತ್ತದೆ, ಹೊಸ ಎಂಆರ್‌ಎನ್‌ಎಗಾಗಿ ಕಾಯುವುದಿಲ್ಲ. ಆದ್ದರಿಂದ ಪ್ರತಿ ತುಂಡಿನ ಅರ್ಧವನ್ನು ಕಿಣ್ವದ ಚಟುವಟಿಕೆ ಮತ್ತು ಗ್ಲೈಕೋಜನ್ ಅಳೆಯಲೆಂದೇ ಮೈನಸ್ 80 ಡಿಗ್ರಿಯಲ್ಲಿ ಬೇರೆಯಾಗಿ ತೆಗೆದಿಡುತ್ತೇನೆ.