ಗೋಬರ್ ಗ್ಯಾಸಿಗೆ ಹೆಂಡಿ ಹದ ಮಾಡುವುದು: ನನ್ನ ಅನುಭವ

ನಮ್ಮದು ಮುಧೋಳ ತಾಲೂಕು, ಘಟಪ್ರಭಾ ದಂಡೆಯ ಊರು. ಮನೆಯಲ್ಲಿ ಮೂರು ಎಮ್ಮೆ, ಒಂದು ಜೋಡಿ ಎತ್ತು ಇವೆ. ಹಿತ್ತಲಲ್ಲಿ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ, ನೆಲದೊಳಗೆ ಗುಮ್ಮಟದ ಹಾಗೆ ಕಟ್ಟುವ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಕಟ್ಟಿಸಿದ್ದೇವೆ. ಇದಕ್ಕೆ ದಿನಕ್ಕೆ ಸುಮಾರು 50 ಕಿಲೋ ಹಸಿ ಹೆಂಡಿ, ಅಂದರೆ ಸಗಣಿ, ಬೇಕು. ಕಿಲೋಗೆ ಹೆಚ್ಚುಕಡಿಮೆ 40 ಲೀಟರ್ ಗ್ಯಾಸ್ ಅನ್ನೋದು ಲೆಕ್ಕ. ಆದರೆ ಆ ಲೆಕ್ಕ ಒಲೆಯವರೆಗೆ ಬಂದು ಮುಟ್ಟಬೇಕಾದರೆ, ಹೆಂಡಿಯನ್ನು ಗುಂಡಿಗೆ ಬಿಡುವ ಮೊದಲೇ ಹದ ಮಾಡಬೇಕು.

ಗ್ಯಾಸ್ ಕಡಿಮೆ ಆಯಿತು ಅಂದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ: "ಇನ್ನೊಂದೆರಡು ಬುಟ್ಟಿ ಹೆಂಡಿ ಹಾಕು." ಹಾಗೆ ಹಾಕಿದರೆ ಹೊಸ ಹೆಂಡಿ ಹಳೆಯದನ್ನು ಬೇಗ ಹೊರಗೆ ದೂಡುತ್ತದೆ. ಸುಮಾರು 40 ದಿನ ಒಳಗೆ ಕೊಳೆಯಬೇಕಾದದ್ದು ಅರ್ಧಕ್ಕೇ ಹೊರಬೀಳುತ್ತದೆ. ಹೆಂಡಿ ಜಾಸ್ತಿ ಖರ್ಚು, ಗ್ಯಾಸ್ ಅಷ್ಟೇ.

ಎಮ್ಮೆ ತಿಂದ ಮೇವಿನಲ್ಲಿ ಸುಲಭಕ್ಕೆ ಕರಗುವುದನ್ನೆಲ್ಲ ಅದರ ಹೊಟ್ಟೆಯೇ ತೆಗೆದುಕೊಂಡಿರುತ್ತದೆ. ಹೆಂಡಿಯಲ್ಲಿ ಜಾಸ್ತಿ ಉಳಿಯುವುದು ನಾರು. ಆ ನಾರಿನಲ್ಲಿ ಕೊಳೆತು ಗ್ಯಾಸ್ ಆಗಬಲ್ಲ ಸೆಲ್ಯುಲೋಸ್ ಅನ್ನೋ ಅಂಶವನ್ನು ಲಿಗ್ನಿನ್ ಅನ್ನೋ ಗಟ್ಟಿ ಅಂಶ ಬಿಗಿದುಕೊಂಡಿರುತ್ತದೆ. ಸೂಕ್ಷ್ಮಜೀವಿಗಳು ಆ ಸೆಲ್ಯುಲೋಸನ್ನು ಬಿಡಿಸಿ ಕರಗಿಸಬೇಕು, ಆಮೇಲೆ ಗ್ಯಾಸು. ನಾರಿನ ಮಟ್ಟಿಗೆ ಎಲ್ಲಕ್ಕಿಂತ ನಿಧಾನದ ಕೆಲಸ ಈ ಬಿಡಿಸುವುದೇ. ಅದರಲ್ಲಿ ಸ್ವಲ್ಪ ಭಾಗವನ್ನು ನಾವು ಹೊರಗೇ ಮಾಡಿಕೊಟ್ಟರೆ ಗುಂಡಿಯ ಹೊರೆ ಹಗುರಾಗುತ್ತದೆ.

ನಮ್ಮಲ್ಲಿ ಮೇವು ಅಂದರೆ ಜೋಳದ ಕಣಿಕೆ, ಕಬ್ಬಿನ ಸೋಗೆ. ದನ ಬಿಟ್ಟ ದಂಟು ಕಾಲಡಿ ಬಿದ್ದು ಹೆಂಡಿಯಲ್ಲಿ ಸೇರುತ್ತದೆ. ಅದು ಹಾಗೇ ಒಳಗೆ ಹೋದರೆ ಮೇಲೆ ತೇಲಿ, ಒಂದಕ್ಕೊಂದು ಹೆಣೆದುಕೊಂಡು ಚಾಪೆಯ ಹಾಗೆ ಪದರ ಕಟ್ಟುತ್ತದೆ. ಕೆಳಗೆ ಹುಟ್ಟಿದ ಗ್ಯಾಸಿಗೆ ಮೇಲೆ ಬರಲು ದಾರಿ ಇರುವುದಿಲ್ಲ. ಅದಕ್ಕೇ ನಾನು ಬುಟ್ಟಿಯಲ್ಲೇ ದಂಟು ಆರಿಸುತ್ತೇನೆ. ಎಸೆಯುವುದಿಲ್ಲ. ಮೇವು ಕತ್ತರಿಸುವ ಮಷಿನ್‌ಗೆ ಕೊಟ್ಟು ಬೆರಳ ಗೆಣ್ಣಿಗಿಂತ ಸಣ್ಣದಾಗಿ ಕತ್ತರಿಸಿ, ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಗುಂಡಿಯಿಂದ ಹೊರಬಂದ ಸ್ಲರಿಯನ್ನೇ (ಗ್ಯಾಸ್ ಬಿಟ್ಟು ತೆಳ್ಳಗಾದ ಹೆಂಡಿ ರಾಡಿ) ಮುಳುಗುವಷ್ಟು ಸುರಿಯುತ್ತೇನೆ. ನೀರಿಗಿಂತ ಸ್ಲರಿ ಯಾಕೆ ಅಂದರೆ, ನಾರು ಕರಗಿಸುವ ಜೀವಿಗಳು ಅದರಲ್ಲಿ ತಯಾರಾಗೇ ಇರುತ್ತವೆ. ಬಿಸಿಲಲ್ಲಿ ಎರಡು ಮೂರು ದಿನ ನೆನೆದರೆ ಗಡಸು ದಂಟು ಬೆರಳಲ್ಲಿ ಹಿಚುಕಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದೇ ಹದ. ಅದಕ್ಕಿಂತ ಹೆಚ್ಚು ದಿನ ಬಿಡಬಾರದು. ಗುಂಡಿಯಲ್ಲಿ ಸಿಗಬೇಕಾದ ಗ್ಯಾಸ್ ಡ್ರಮ್ಮಿನಿಂದಲೇ ಗಾಳಿಗೆ ಹೋಗುತ್ತದೆ.

ಗುಂಡಿಯ ಬಾಯಿಯ ತೊಟ್ಟಿಯಲ್ಲಿ ಹೆಂಡಿಗೆ ಸಮ ನೀರು ಹಾಕಿ, ಗಂಟು ಉಳಿಯದ ಹಾಗೆ ಕೈಯಿಂದಲೇ ಕಲಸುತ್ತೇನೆ. ಕಲಸಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಉಸುಕು, ಹರಳು ತೊಟ್ಟಿಯ ತಳಕ್ಕೆ ಕೂರುತ್ತವೆ. ಆಮೇಲೆ ಗುಂಡಿಗೆ ಹೋಗುವ ಪೈಪಿನ ಬೂಚು ತೆಗೆಯುವುದು. ನಮ್ಮ ತೊಟ್ಟಿಯ ತಳವನ್ನು ಪೈಪಿನ ಬಾಯಿಗೆ ವಿರುದ್ಧ ದಿಕ್ಕಿಗೆ ಇಳಿಜಾರು ಮಾಡಿಸಿದ್ದು ಇದಕ್ಕೇ. ಉಸುಕು ಒಳಗೆ ಹೋದರೆ ವರ್ಷ ಕಳೆದಂತೆ ಗುಂಡಿಯ ಜಾಗವನ್ನೇ ತಿನ್ನುತ್ತದೆ.

ಚಳಿಗಾಲದ ಮಾತು ಬೇರೆ. ಈ ಜೀವಿಗಳಿಗೆ 35 ಡಿಗ್ರಿ ಆಸುಪಾಸು ಹಿತ. 20ಕ್ಕಿಂತ ಕೆಳಗೆ ಬಹಳ ಮಂದವಾಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ಬೆಳಿಗ್ಗೆಯೇ ನೀರು ತುಂಬಿ ಬಿಸಿಲಿಗಿಡುತ್ತೇವೆ. ಮಧ್ಯಾಹ್ನ ಆ ಬೆಚ್ಚನೆ ನೀರಲ್ಲೇ ಹೆಂಡಿ ಕಲಸುತ್ತೇವೆ. "ರೊಟ್ಟಿ ಮುಗದ್ರೂ ಉರಿ ಐತಲ್ಲೋ ಇನ್ನ" ಅಂತ ಅವ್ವ ಚಳಿಗಾಲದಲ್ಲೂ ಹೇಳುತ್ತಾಳೆ ಅಂದರೆ, ನನಗೆ ಬೇರೆ ಮೀಟರ್ ಬೇಕಿಲ್ಲ.

ನಾರು ಬೇಗ ಕರಗಲಿ ಅಂತ ಕಾಸ್ಟಿಕ್ ಸೋಡಾದಲ್ಲಿ ನೆನೆಸುವ ಪದ್ಧತಿಯೂ ಇದೆ. ಕೆಲಸ ಆಗುತ್ತದೆ, ನಿಜ. ಆದರೆ ಅದರ ಸೋಡಿಯಂ ಸ್ಲರಿಯ ಜೊತೆ ಹೊಲಕ್ಕೇ ಹೋಗುತ್ತದೆ. ನೀರು ಜಾಸ್ತಿಯಾಗಿ ಸವಳು ಎದ್ದ ಎರೆಭೂಮಿ ನಮ್ಮ ಸುತ್ತ ಈಗಾಗಲೇ ಸಾಕಷ್ಟಿದೆ ಅಲ್ವಾ? ಮನೆಯ ಗುಂಡಿಗೆ ಅದು ಬೇಡವೇ ಬೇಡ. ಚರ್ಮಕ್ಕೂ ಕಣ್ಣಿಗೂ ಅಪಾಯ ಬೇರೆ.

ಕೆಚ್ಚಲು ಬಾವು ಆಗಿ ಎಮ್ಮೆಗೆ ಆಂಟಿಬಯೋಟಿಕ್ ಕೊಡಿಸಿದಾಗ ಅದರ ಹೆಂಡಿ ಕೆಲವು ದಿನ ತಿಪ್ಪೆಗೇ ಹೋಗಲಿ. ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ನೀರೂ ತೊಟ್ಟಿಗೆ ಬರಬಾರದು. ಎರಡೂ ಒಳಗಿನ ಜೀವಿಗಳಿಗೆ ಪೆಟ್ಟು ಕೊಡುತ್ತವೆ.

ನೆನೆಸಿದ ದಂಟನ್ನು ಹೊಸದಾಗಿ ಶುರು ಮಾಡುವವರು ದಿನಕ್ಕೆ ಅರ್ಧ ಬಕೆಟ್‌ಗಿಂತ ಹೆಚ್ಚು ಹಾಕಬೇಡಿ. ಒಮ್ಮೆಲೇ ಸುರಿದರೆ ಒಳಗೆ ಹುಳಿ ಏರುತ್ತದೆ, ಉರಿಯುವ ಅಂಶವಾದ ಮೀಥೇನ್ ಕಡಿಮೆಯಾಗುತ್ತದೆ, ಬರ್ನರಿನ ಉರಿ ನಿಲ್ಲದೆ ಆರಿ ಆರಿ ಹೋಗುತ್ತದೆ. ಹಾಗೆ ಕಂಡರೆ ದಂಟು ನಿಲ್ಲಿಸಿ. ಹೆಂಡಿಯನ್ನೂ ಕೆಲವು ದಿನ ಕಡಿಮೆ ಮಾಡಿ, ನೀಲಿ ಉರಿ ಮತ್ತೆ ಗಟ್ಟಿಯಾದ ಮೇಲೆ ನಿಧಾನಕ್ಕೆ ಏರಿಸಿ.