ಗೋರಿಕಲ್ಲಿನಲ್ಲಿ ಕಸುಬು ಹುಡುಕುವುದು: ನನ್ನ ಅನುಭವ

ಸ್ಕಾಟ್ಲೆಂಡಿನ ಹಳೇ ಸ್ಮಶಾನಕ್ಕೆ ಹೋದವರೆಲ್ಲ ಮೊದಲು ಫೋಟೋ ತೆಗೆಯುವುದು ತಲೆಬುರುಡೆಯನ್ನೇ. ನಾನು ಈಗ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಬುರುಡೆ, ಅಡ್ಡಮೂಳೆ, ಮರಳು ಗಡಿಯಾರ ಎಲ್ಲವೂ ‘ನೀನೂ ಸಾಯುವವನೇ’ ಅನ್ನುವ ಎಚ್ಚರಿಕೆ. ರೆಕ್ಕೆಯ ಮುಖ ಅಂದರೆ ಹೊರಟ ಆತ್ಮ. 1560ರ ಪ್ರೊಟೆಸ್ಟಂಟ್ ಮತಸುಧಾರಣೆಯ ನಂತರ ಶಿಲುಬೆ, ಸಂತರ ಚಿತ್ರ ಬೇಡವಾದವು, ಇವು ಎಲ್ಲ ಊರಲ್ಲೂ ತುಂಬಿಕೊಂಡವು. ಆದರೆ ಅಲ್ಲಿ ಮಲಗಿರುವವನು ಯಾರು ಅಂತ ಬುರುಡೆ ಹೇಳಲ್ಲ, ಅಲ್ವಾ? ಅದನ್ನು ಹೇಳುವುದು ಕಸುಬಿನ ಗುರುತು.

ಅದನ್ನು ಕಲಿಯಲು ಡಂಡೀ ಪಟ್ಟಣದ ಹೌಫ್ ಸ್ಮಶಾನ ಒಳ್ಳೆಯದು. 1564ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿ ಊರಿಗೆ ಕೊಟ್ಟ ಜಾಗ. ಕಸುಬುದಾರರ ಒಂಬತ್ತು ಸಂಘಗಳು ಸಭೆ ಸೇರುತ್ತಿದ್ದುದೂ ಈ ಗೋರಿಗಳ ನಡುವೆಯೇ. ಲಾಳಿ ಕಂಡರೆ ನೇಕಾರ. ಸುತ್ತಿಗೆಯ ಮೇಲೆ ಕಿರೀಟವಿದ್ದರೆ ಕಮ್ಮಾರ ಅಥವಾ ಬೇರೆ ಲೋಹದ ಕೆಲಸದವನು. ಕತ್ತರಿ, ಇಸ್ತ್ರಿಪೆಟ್ಟಿಗೆ ದರ್ಜಿಯದು. ಒಲೆಯೊಳಗೆ ರೊಟ್ಟಿ ತಳ್ಳುವ ಉದ್ದ ಹಿಡಿಯ ಹಲಗೆ ಬೇಕರಿಯವನದು, ಇದನ್ನು ದೋಣಿಯ ಹುಟ್ಟು ಅಂದುಕೊಳ್ಳುವವರು ಇದ್ದಾರೆ. ನೇಗಿಲ ಗುಳ ರೈತನದು. ಇಂಗ್ಲಿಷ್ 4ರ ಹಾಗೆ ಕಾಣುವ ಗುರುತು ವ್ಯಾಪಾರಿಯದು, ಅದು ಇಸವಿಯಲ್ಲ.

ಸವೆದ ಕಲ್ಲನ್ನು ಓದಲು ಬೇಕಾದ್ದು ಬೆಳಕು. ಎದುರಿಗೆ ಬಿಸಿಲು ಬಿದ್ದರೆ ಕೆತ್ತನೆ ಅಳಿಸಿದ ಹಾಗೆ ಕಾಣುತ್ತದೆ, ಪಕ್ಕದಿಂದ ಸವರಿಕೊಂಡು ಹೋದರೆ ಗೆರೆ ಗೆರೆಯೂ ಎದ್ದು ನಿಲ್ಲುತ್ತದೆ. ಬಹಳಷ್ಟು ಕಲ್ಲುಗಳ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರುವುದರಿಂದ ನಾನು ನಡುಮಧ್ಯಾಹ್ನವೇ ಹೋಗುತ್ತೇನೆ, ಆಗ ದಕ್ಷಿಣದ ಸೂರ್ಯ ಸರಿಯಾಗಿ ಪಕ್ಕಕ್ಕೆ ಬಂದಿರುತ್ತಾನೆ. ಮೋಡವಿದ್ದರೆ (ಅಲ್ಲಿ ಯಾವಾಗ ಇರಲ್ಲ ಹೇಳಿ!) ಕಪ್ಪು ಕೊಡೆ ಹಿಡಿದು ಕಲ್ಲಿಗೆ ನೆರಳು ಮಾಡಿ, ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿದ ಹಾಗೆ ಹಿಡಿಯುತ್ತೇನೆ. ಒಂದೇ ಕಲ್ಲಿಗೆ ನಾಲ್ಕೂ ಕಡೆಯಿಂದ ಬೆಳಕು ಕೊಟ್ಟು ಫೋಟೋ ತೆಗೆದು ಮನೆಯಲ್ಲಿ ಹೋಲಿಸುತ್ತೇನೆ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣ, ಶೇವಿಂಗ್ ಫೋಮ್, ತಂತಿ ಬ್ರಶ್ ಯಾವುದೂ ಬೇಡ. ಮರಳುಗಲ್ಲು ಮೆತ್ತಗಿರುತ್ತದೆ, ಪಾಚಿ ಕೆರೆದರೆ ಅದರ ಜೊತೆ ಅಕ್ಷರವೂ ಉದುರುತ್ತದೆ.

ಕಲ್ಲಿನ ಹಿಂಭಾಗ ನೋಡದೆ ಬರಬೇಡಿ. ಎಷ್ಟೋ ಕಡೆ ಬರಹ ಒಂದು ಬದಿ, ಚಿತ್ರ ಇನ್ನೊಂದು ಬದಿ. ಎರಡು ಜೋಡಿ ಅಕ್ಷರಗಳಿದ್ದರೆ ಸಾಮಾನ್ಯವಾಗಿ ಗಂಡ ಹೆಂಡತಿಯ ಹೆಸರಿನ ಮೊದಲಕ್ಷರಗಳು. ಅಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು, ಹುಡುಕುವವರಿಗೆ ಇದು ದೊಡ್ಡ ಉಪಕಾರ. ಕಸುಬು, ಅಕ್ಷರ, ಇಸವಿ ಇಷ್ಟು ಸಿಕ್ಕರೆ ಸ್ಕಾಟ್ಲೆಂಡ್ಸ್ ಪೀಪಲ್ ಜಾಲತಾಣದಲ್ಲಿ ಹಳೇ ಚರ್ಚ್ ದಾಖಲೆಗಳಲ್ಲಿ ಹುಡುಕಿ ನೋಡಬಹುದು. ಹುಡುಕಲು ದುಡ್ಡಿಲ್ಲ, ದಾಖಲೆಯ ಚಿತ್ರ ತೆರೆಯಲು ಮಾತ್ರ ಕೊಡಬೇಕು.